ಮರಣದ ಮನೆಯ ಪೆಸಹಾ

ಆ ಗುರುವಾರ ಬೆಳಿಗ್ಗೆ ಎದ್ದವಳೇ ತ್ರೇಸ್ಯಾಕುಟ್ಟಿ ಉದ್ದು ನೆನೆಹಾಕಿದಳು. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಗಂಡ ಸತ್ತು ವರ್ಷ ತುಂಬದ ಮನೆಯಲ್ಲಿ ಪೆಸಹಾ ಗುರುವಾರದ ದಿನ ಉದ್ದು ನೆನೆಹಾಕುವ ಧೈರ್ಯ ಪೆರಾಬೆಯಿಂದ ನೆಲ್ಯಾಡಿಯವರೆಗೆ ಬೇರೆ ಯಾವ ಹೆಂಗಸಿಗೂ ಇರಲಿಲ್ಲ. ಅದನ್ನು ಧೈರ್ಯ ಎನ್ನಬೇಕೋ ಹಟ ಎನ್ನಬೇಕೋ ಎಂಬುದು ಬೇರೆ ಮಾತು.

ಕೇರಳದ ಕಡೆಯಿಂದ ಬಂದು ಇಲ್ಲಿ ರಬ್ಬರು ಹಾಕಿದ ಕ್ರೈಸ್ತರಲ್ಲಿ ಒಂದು ಕಟ್ಟುಪಾಡಿದೆ. ಯೇಸು ಶಿಷ್ಯರ ಜೊತೆ ಕೊನೆಯ ಊಟ ಮಾಡಿದ ಆ ಗುರುವಾರ, ಅಕ್ಕಿ ಮತ್ತು ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಹಬೆಯಲ್ಲಿ ಬೇಯಿಸಿ ಅಪ್ಪಂ ಮಾಡುತ್ತಾರೆ. ಹಿಂದಿನ ಭಾನುವಾರ ಚರ್ಚಿನಲ್ಲಿ ಆಶೀರ್ವದಿಸಿ ಕೊಟ್ಟ ತೆಂಗಿನ ಗರಿಯನ್ನು ಶಿಲುಬೆಯ ಆಕಾರದಲ್ಲಿ ಅದರ ಮೇಲಿಡುತ್ತಾರೆ. ಸಂಜೆ ಮನೆಯ ಹಿರಿಯ ಗಂಡಸು ಅದನ್ನು ಮುರಿದು ಹಂಚುತ್ತಾನೆ, ಉಳಿದವರು ಎದ್ದು ನಿಂತು ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಾರೆ. ಆದರೆ ಆ ವರ್ಷ ಸಾವು ಕಂಡ ಮನೆಯಲ್ಲಿ ಅಪ್ಪಂ ಬೇಯಿಸುವ ಹಾಗಿಲ್ಲ. ನೆರೆಮನೆಯವರು ತಂದುಕೊಡಬೇಕು, ಇವರು ತಿನ್ನಬೇಕು.

ಇಪ್ಪತ್ತೆರಡು ವರ್ಷ ಆ ತಂದುಕೊಡುವ ಕೆಲಸದಲ್ಲಿ ತ್ರೇಸ್ಯಾಕುಟ್ಟಿಯದು ಎತ್ತಿದ ಕೈ. ಯಾರ ಮನೆಯಲ್ಲಿ ಸಾವಾಗಿರಲಿ, ಪೆಸಹಾ ಸಂಜೆ ಅಂಗಳಕ್ಕೆ ಮೊದಲು ಕಾಲಿಡುವವಳು ಅವಳೇ. ಬಾಳೆಲೆ ಮುಚ್ಚಿದ ಬಟ್ಟಲು ಕೈಗಿತ್ತು, ದೇವರ ಮೇಲೆ ಭಾರ ಹಾಕಿ ಎಂದು ಬುದ್ಧಿ ಹೇಳಿ, ಹೆಗಲ ವಸ್ತ್ರ ಸರಿಮಾಡಿಕೊಂಡು ಬರುತ್ತಿದ್ದಳು. ಕೊಟ್ಟು ಬರುವಾಗಿನ ಆ ತೃಪ್ತಿ ಅವಳಿಗೆ ಬಹಳ ಇಷ್ಟ. ತೆಗೆದುಕೊಂಡವರ ಮುಖ ಹೇಗಿತ್ತೆಂದು ಒಮ್ಮೆಯೂ ನೋಡಿದವಳಲ್ಲ.

ಈಗ ತಾನೇ ಕೈಚಾಚಬೇಕು. ಅದೂ ಯಾರ ಮುಂದೆ? ನೆರೆಮನೆ ಎಂದರೆ ಐಸಕನ ಮನೆ.

ಐಸಕನ ಹೆಸರು ಕೇಳಿದರೆ ಅವಳ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು. ಊರಿಗೆಲ್ಲ ಅವಳು ಹೇಳಿದ್ದು ಒಂದೇ ಮಾತು: ಹೋದ ಮಳೆಗಾಲದ ಆಟಿ ತಿಂಗಳಲ್ಲಿ ಗಂಡ ಮಾಣಿ ಎದೆ ಹಿಡಿದುಕೊಂಡು ಬಿದ್ದಾಗ ಎರಡು ಫರ್ಲಾಂಗು ದೂರದಲ್ಲಿ ಐಸಕನ ಜೀಪಿತ್ತು, ಅವನು ಕೊಡಲಿಲ್ಲ. ಬೆಳಗಿನ ಎಂಟೂವರೆಯ ಬಸ್ಸಿಗೆ ಕಾದು, ಪುತ್ತೂರಿನ ಆಸ್ಪತ್ರೆಗೆಂದು ಹೊರಟು, ಉಪ್ಪಿನಂಗಡಿ ಸಿಗುವ ಮೊದಲೇ ಅವಳ ಮಡಿಲಲ್ಲಿ ಗಂಡನ ತಲೆ ಭಾರವಾಯಿತು. ಬಸ್ಸಿನಲ್ಲಿ ಕುಳಿತಷ್ಟು ಹೊತ್ತೂ ಅವಳು ಜಪಮಾಲೆ ಎಣಿಸುತ್ತಿದ್ದಳು. ಡ್ರೈವರು ಬೇಗ ಹೋಗಲಿ, ದಾರಿಯಲ್ಲಿ ಜನ ಹತ್ತದಿರಲಿ, ಉಸಿರು ನಿಲ್ಲದಿರಲಿ ಎಂದು ಒಂದೊಂದು ಮಣಿಗೂ ದೇವರನ್ನು ಬೇಡಿದಳು. ದೇವರು ಕೇಳಲಿಲ್ಲ. ಆಮೇಲೆ ಊರವರೆಲ್ಲ ಬಂದು, ದೇವರ ಚಿತ್ತ, ಎಂತ ಮಾಡುದು ಎಂದರು. ಜೀಪು ಕೊಡದವನ ಚಿತ್ತಕ್ಕೂ ದೇವರ ಚಿತ್ತಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಬಾಯಿಗೆ ಯಾರು ಬೀಗ ಹಾಕುವುದು?

ಐಸಕ್ ಈ ಆರೋಪವನ್ನು ಒಮ್ಮೆಯೂ ಅಲ್ಲಗಳೆಯಲಿಲ್ಲ. ಚರ್ಚಿನಲ್ಲಿ ಜನ ಅವನ ಪಕ್ಕದಿಂದ ಸರಿದು ಕುಳಿತರು. ಅವನು ತಲೆ ತಗ್ಗಿಸಿ ಹಿಂದಿನ ಸಾಲಿಗೆ ಹೋದ. ಸುಮ್ಮನಿದ್ದದ್ದೇ ಸಾಕ್ಷಿ ಎಂದು ತ್ರೇಸ್ಯಾಕುಟ್ಟಿ ಮತ್ತಷ್ಟು ಗಟ್ಟಿಯಾಗಿ ಹೇಳಿದಳು.

ಎರಡು ಮನೆಗಳಿಗೂ ಮಾತು ಬಿಟ್ಟು ಆಗಲೇ ಮೂರು ವರ್ಷವಾಗಿತ್ತು. ಜಗಳದ ಕಾರಣ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಚರ್ಚಿನ ಹಬ್ಬದ ಮೆರವಣಿಗೆಯಲ್ಲಿ ಬೆಳ್ಳಿಯ ಶಿಲುಬೆ ಹೊರುವವನು ಎಂಟು ವರ್ಷದಿಂದ ಮಾಣಿ. ಒಂಬತ್ತನೆಯ ವರ್ಷ ಐಸಕ್ ಚರ್ಚಿಗೆ ಹೆಂಚು ಹೊದಿಸಿಕೊಟ್ಟ, ಪಾದ್ರಿಗಳು ಶಿಲುಬೆಯನ್ನು ಅವನ ಕೈಗೆ ಕೊಟ್ಟರು. ಮಾಣಿ ಎಲ್ಲರೆದುರೇ ಮೆರವಣಿಗೆ ಬಿಟ್ಟು ಮನೆಗೆ ಬಂದ. ಯೇಸುವಿಗೆ ಶಿಲುಬೆಯನ್ನು ಬಲವಂತದಿಂದ ಹೊರಿಸಿದರು. ಇಲ್ಲಿ ಇಬ್ಬರು ಗಟ್ಟಿ ಗಂಡಸರು ಅದನ್ನು ಹೊರಲಿಕ್ಕೇ ಜಗಳವಾಡಿದರು. ಗಂಡಸರ ಜಗಳ ಗಂಡಸರಲ್ಲಿ ಮುಗಿಯಲಿ ಎಂದು ತ್ರೇಸ್ಯಾಕುಟ್ಟಿ ಬಿಟ್ಟಿದ್ದರೆ ಅದು ಮುಗಿಯುತ್ತಿತ್ತೋ ಏನೋ. ಅವಳು ಬಿಡಲಿಲ್ಲ. ಐಸಕನ ಹೆಂಡತಿ ಡೈಸಿ ಎದುರು ಬಂದರೂ ಮುಖ ತಿರುಗಿಸಿದಳು.

ಪೆಸಹಾಕ್ಕೆ ವಾರವಿರುವಾಗ ಪಾದ್ರಿಗಳು ಮನೆಗೆ ಬಂದಿದ್ದರು. ಅಹಂಕಾರ ಇಳಿಸಬೇಕು, ಅನುದಿನದ ರೊಟ್ಟಿ ಕೊಡುವವನು ದೇವರಾದರೂ ಅದು ಯಾರದಾದರೂ ಕೈಯಿಂದಲೇ ಬರಬೇಕಲ್ಲ, ಯಾರ ಕೈ ಎಂದು ನಾವು ಆರಿಸುವಂತಿಲ್ಲ ಎಂದು ಮೆಲ್ಲಗೆ ಹೇಳಿದರು. ತ್ರೇಸ್ಯಾಕುಟ್ಟಿ ಅವರಿಗೆ ಹಾಲಿಲ್ಲದ ಕಣ್ಣ ಚಹಾ ಕೊಟ್ಟು, ಶಿಲುಬೆ ಯಾರ ಕೈಗೆ ಕೊಡುವುದೆಂದು ನೀವು ಆರಿಸಬಹುದು, ನಾನು ಆರಿಸಬಾರದೋ ಎಂದು ಕೇಳಿದಳು. ಪಾದ್ರಿಗಳು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಬೇರೆ ಮೂರು ಮನೆಯವರು ತಾವು ತರುತ್ತೇವೆಂದು ಹೇಳಿ ಕಳಿಸಿದ್ದರು. ನನ್ನ ಮನೆಯ ಒಲೆ ಇನ್ನೂ ಆರಿಲ್ಲ ಎಂದು ಅವರಿಗೂ ಉತ್ತರ ಹೋಯಿತು.

ಮಧ್ಯಾಹ್ನ ಅವಳು ಹಿಟ್ಟು ರುಬ್ಬುತ್ತಿದ್ದಾಗ ತೋಡಿನ ಆಚೆಯ ಮೈಮೂನಮ್ಮ ಆಡಿಗೆ ಸೊಪ್ಪು ಕೊಯ್ಯಲು ಬಂದಳು. ಎಷ್ಟೋ ವರ್ಷದಿಂದ ಕಂಡವಳು, ಯಾವ ದಿನ ಯಾವುದೆಂದು ಗೊತ್ತಿದ್ದವಳು. ರುಬ್ಬುವ ಕಲ್ಲಿನ ಎದುರು ನಿಂತುಬಿಟ್ಟಳು.

"ಎಂತ ತ್ರೇಸ್ಯಾಕ್ಕ, ಈ ವರ್ಷ ನೀವೇ ಮಾಡುದಾ?"

ಹೌದು, ಯಾರ ಹಂಗೂ ಬೇಡ ಎಂದಳು ತ್ರೇಸ್ಯಾಕುಟ್ಟಿ.

"ನಮ್ಮಲ್ಲಿಯೂ ಮರಣ ಆದ ಮನೆಯಲ್ಲಿ ಮೂರು ದಿನ ಒಲೆ ಹಚ್ಚುದಿಲ್ಲ. ನೆರೆಯವರು ಗಂಜಿ ತರ್ತಾರೆ. ಬೇಕು ಅಂತ ತಿನ್ನುದಲ್ಲ ಅಕ್ಕ. ತಂದವರಿಗೋಸ್ಕರ ತಿನ್ನುದು."

ತ್ರೇಸ್ಯಾಕುಟ್ಟಿ ಗುಂಡುಕಲ್ಲನ್ನು ಇನ್ನೂ ಜೋರಾಗಿ ತಿರುಗಿಸಿದಳು. ಮೈಮೂನಮ್ಮ ಸೊಪ್ಪಿನ ಕಟ್ಟು ತಲೆಗೇರಿಸಿ ಹೋದಳು.

ಸಂಜೆ ಮತ್ತೊಂದು ತೊಡಕು ಬಂತು. ಶಿಲುಬೆ ಇಡಲು ಗರಿ ಇರಲಿಲ್ಲ. ಸಿಟ್ಟಿನಲ್ಲಿ ಅವಳು ಕಳೆದ ಭಾನುವಾರ ಚರ್ಚಿಗೆ ಹೋಗಿರಲಿಲ್ಲ, ಮಕ್ಕಳನ್ನೂ ಬಿಟ್ಟಿರಲಿಲ್ಲ. ಹಿತ್ತಲಿನ ತೆಂಗಿನ ಸಸಿಯಿಂದ ಒಂದು ಗರಿ ಹರಿದು ತಾ ಎಂದು ಮಗಳು ಜೋಳಿಯ ಹತ್ತಿರ ಹೇಳಿದಳು. ಹದಿನಾರರ ಹುಡುಗಿ ಅಲುಗಲಿಲ್ಲ. ಅದು ಬರೀ ಗರಿ ಅಮ್ಮಚ್ಚಿ, ಆಶೀರ್ವಾದ ಆಗದ್ದು ಎಂದಳು. ತ್ರೇಸ್ಯಾಕುಟ್ಟಿ ತಾನೇ ಹೋಗಿ ಗರಿ ಹರಿದಳು. ಕೈ ಕೊಯ್ದು ರಕ್ತ ಬಂತು. ಅದನ್ನು ಬಾಯಲ್ಲಿ ಚೀಪಿಕೊಂಡೇ ಶಿಲುಬೆ ಮಾಡಿ ಹಿಟ್ಟಿನ ಮೇಲಿಟ್ಟು ಮುಚ್ಚಳ ಹಾಕಿದಳು. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಎನ್ನುತ್ತಾರೆ. ಅವಳ ಕೋಪಕ್ಕೆ ಮೂಗಿನ ಲೆಕ್ಕವೇ ಇರಲಿಲ್ಲ.

ಅಪ್ಪಂ ಬೆಂದಿತು, ಚೆನ್ನಾಗಿಯೇ ಬೆಂದಿತು. ದೀಪ ಹಚ್ಚಿ ಅದನ್ನು ಮೇಜಿನ ಮೇಲಿಟ್ಟು, ತೆಂಗಿನ ಹಾಲು ಮತ್ತು ಬೆಲ್ಲದ ಪಾನಕ ಪಕ್ಕಕ್ಕಿಟ್ಟು, ಮಗ ಟೋಮಿಯನ್ನು ಕರೆದಳು. ಈ ಮನೆಗೆ ಈಗ ಹಿರಿಯ ಗಂಡಸೆಂದರೆ ಇಪ್ಪತ್ತೆರಡರ ಅವನು. ಕೈ ತೊಳೆದು ಬಂದವನು ಮೇಜಿನ ಎದುರು ನಿಂತ. ಮುರಿ ಎಂದಳು ತಾಯಿ. ಅವನು ಕೈ ಬೆನ್ನ ಹಿಂದೆ ಕಟ್ಟಿಕೊಂಡ. ಎರಡನೆಯ ಸಲ ಹೇಳಿದಳು, ಮೂರನೆಯ ಸಲ ಕಿರುಚಿದಳು. ಮಕ್ಕಳು ಅಪ್ಪನನ್ನು ಚಾಚ ಎನ್ನುತ್ತಿದ್ದರು. ಚಾಚನ ವರ್ಷ ತುಂಬದೆ ಇದನ್ನು ಮುರಿಯುದಿಲ್ಲ ಎಂದಷ್ಟೇ ಹೇಳಿ ಅವನು ನೆಲ ನೋಡಿದ. ಹೆತ್ತ ಮಗನೂ ಎದುರು ನಿಂತನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ಆಗ ಅಂಗಳದಲ್ಲಿ ಟಾರ್ಚಿನ ಬೆಳಕು ಕಂಡಿತು. ಐಸಕ್ ಬಂದಿದ್ದ. ಒಬ್ಬನೇ. ಕೈಯಲ್ಲಿ ಬಾಳೆಲೆ ಮುಚ್ಚಿದ ಬಟ್ಟಲು. ಐವತ್ತು ದಾಟಿದ ಮನುಷ್ಯ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು ನಿಂತ.

ತ್ರೇಸ್ಯಾಕುಟ್ಟಿ ಬಾಗಿಲಿಗೆ ಅಡ್ಡ ನಿಂತಳು. ಎಂಟೂವರೆ ತಿಂಗಳು ಊರವರ ಹತ್ತಿರ ಹೇಳಿದ್ದನ್ನೆಲ್ಲ ಮೊದಲ ಸಲ ಅವನ ಮುಖಕ್ಕೇ ಹೇಳಿದಳು. ನನ್ನ ತಾಳಿ ತೆಗೆಸಿದವನು ಅಪ್ಪಂ ತರುವುದೋ ಎಂದಳು. ಜೀಪಿನ ಸೀಟು ಕೊಳೆಯಾಗುತ್ತದೆಂದು ಹೆದರಿದೆಯೋ, ಬೆಳ್ಳಿ ಶಿಲುಬೆ ಹೊತ್ತವನಿಗೆ ಒಂದು ಜೀವ ಹೊರಲು ಆಗಲಿಲ್ಲವೋ ಎಂದಳು. ನಿನ್ನ ಕೈಯ ತುಂಡು ತಿನ್ನುವುದಕ್ಕಿಂತ ಮಣ್ಣು ತಿನ್ನುತ್ತೇನೆ ಎಂದಳು. ಐಸಕ್ ಬಟ್ಟಲು ಹಿಡಿದು ನಿಂತೇ ಇದ್ದ. ಅದು ಅವಳನ್ನು ಇನ್ನಷ್ಟು ಕೆರಳಿಸಿತು.

"ಮಾತಾಡು. ಜೀಪು ಯಾಕೆ ಕೊಡಲಿಲ್ಲ, ಹೇಳು."

ಉತ್ತರ ಹಿಂದಿನಿಂದ ಬಂತು.

"ನಾವು ಕೇಳಲೇ ಇಲ್ಲ ಅಮ್ಮಚ್ಚಿ." ಟೋಮಿ ಬಾಗಿಲ ಹತ್ತಿರ ಬಂದಿದ್ದ. "ನಾನು ಓಡಲಿಕ್ಕೆ ಹೊರಟೆ. ನೀವು ನನ್ನ ಅಂಗಿ ಹಿಡಿದು ನಿಲ್ಲಿಸಿದಿರಿ. ಆ ಮನೆಯ ಬಾಗಿಲಿಗೆ ಮಾತ್ರ ಹೋಗಬೇಡ, ಬಸ್ಸು ಬರ್ತದೆ ಅಂದಿರಿ. ಚಾಚ ನನ್ನನ್ನೇ ನೋಡ್ತಾ ಇದ್ದರು."

ಮನೆಯೊಳಗೆ ಜೋಳಿ ಬಾಯಿಗೆ ಕೈ ಇಟ್ಟುಕೊಂಡಳು. ತ್ರೇಸ್ಯಾಕುಟ್ಟಿ ಮಗನ ಕೆನ್ನೆಗೆ ಬಾರಿಸಲು ಕೈ ಎತ್ತಿದಳು. ಎತ್ತಿದ ಕೈ ಹಾಗೆಯೇ ನಿಂತಿತು. ಆ ಬೆಳಿಗ್ಗೆ ಇದೇ ಕೈ ಹಿಡಿದದ್ದು ಅವನ ಅಂಗಿಯನ್ನು. ಎಷ್ಟು ಬಲವಾಗಿ ಹಿಡಿದಿದ್ದಳೆಂದರೆ ಮೇಲಿನ ಗುಂಡಿ ಕಿತ್ತುಬಂದಿತ್ತು. ಅದು ಅವಳಿಗೆ ಗೊತ್ತಿರದ ಸಂಗತಿಯಲ್ಲ. ದಿನಾ ಗೊತ್ತಿತ್ತು. ಗೊತ್ತಿದ್ದದ್ದರ ಮೇಲೆ ದಿನಕ್ಕೊಂದು ಬುಟ್ಟಿ ಸಿಟ್ಟು ಸುರಿದು ಮುಚ್ಚುತ್ತಿದ್ದಳು.

ಐಸಕ್ ಆಗ ಬಾಯಿ ತೆರೆದ.

"ಮಗನನ್ನು ಬೈಬೇಡಿ ಚೇಡತ್ತಿ. ನೀವು ಊರಲ್ಲಿ ಹೇಳಿದ್ದು ಸುಳ್ಳಲ್ಲ. ಏಳು ಗಂಟೆಗೇ ಕುಕ್ಕಪ್ಪ ಗೌಡ್ರು ತೋಟಕ್ಕೆ ಹೋಗುವಾಗ ಬಂದು ಹೇಳಿದ್ರು, ಮಾಣಿಗೆ ಜೋರುಂಟು ಅಂತ. ನಾನು ಜೀಪು ಚಾಲು ಮಾಡಿ ಗೇಟಿನ ಹತ್ತಿರ ತಂದೆ. ಒಂದು ಮಾತು ಹೇಳಿ ಕಳಿಸ್ಲಿ, ಬರ್ತೇನೆ ಅಂತ ಕೂತೆ. ಕರೆಯದೆ ಹೋಗುದು ಸಣ್ಣತನ ಅಂತ ಕಂಡಿತು. ಒಂದೂವರೆ ಗಂಟೆ ಎಂಜಿನ್ ಓಡ್ತಾ ಇತ್ತು. ಬಸ್ಸು ಹೋದ ಶಬ್ದ ಕೇಳಿ ಕೀ ತೆಗೆದೆ. ಕೊಡಲಿಲ್ಲ. ಅದೇ ಸತ್ಯ."

ಅವನು ಬಟ್ಟಲನ್ನು ಜಗಲಿಯ ಅಂಚಿನಲ್ಲಿಟ್ಟು, ಚಪ್ಪಲಿಗಾಗಿ ಕಾಲಾಡಿಸಿದ.

ತ್ರೇಸ್ಯಾಕುಟ್ಟಿ ಲೆಕ್ಕ ಹಾಕಿದಳು. ಒಂದೂವರೆ ಗಂಟೆ. ಪೆರಾಬೆಯಿಂದ ಪುತ್ತೂರಿಗೆ ಹೋಗಿ ಮುಟ್ಟಿ ಆಗುತ್ತಿತ್ತು. ದೇವರು ಕಿವುಡ ಎಂದು ಇಷ್ಟು ದಿನ ಬೈದಿದ್ದಳಲ್ಲ, ಆ ದೇವರು ಅವಳು ಜಪಮಾಲೆಗೆ ಕೈಹಾಕುವ ಮೊದಲೇ ಎರಡು ಫರ್ಲಾಂಗು ದೂರದಲ್ಲಿ ಜೀಪು ಚಾಲು ಮಾಡಿಸಿ ನಿಲ್ಲಿಸಿದ್ದ. ಕರೆದರೆ ಸಾಕಿತ್ತು. ಬಸ್ಸಿನಲ್ಲಿ ಕುಳಿತು ದೇವರನ್ನು ಬೇಡಲು ಅವಳಿಗೆ ನಾಚಿಕೆಯಾಗಿರಲಿಲ್ಲ. ಐಸಕನನ್ನು ಕೇಳಲು ನಾಚಿಕೆಯಾಗಿತ್ತು. ದೇವರ ಮೇಲೆ ಭಾರ ಹಾಕಿ ಎಂದು ಇಪ್ಪತ್ತೆರಡು ವರ್ಷ ಊರಿಗೆಲ್ಲ ಹೇಳಿದವಳು ಆ ಒಂದು ಬೆಳಿಗ್ಗೆ ಭಾರವನ್ನು ಸತ್ತರೂ ಇಳಿಸಿರಲಿಲ್ಲ. ಸತ್ತದ್ದು ಅವಳಲ್ಲ, ಮಾಣಿ.

ಸಿಟ್ಟು ಇಳಿಯಿತೇ? ಇಲ್ಲ. ಇಷ್ಟು ದಿನ ಅದಕ್ಕೆ ಒಂದೇ ಮನೆಯ ಬಾಗಿಲಿತ್ತು, ಈಗ ನಾಲ್ಕೂ ಕಡೆಯಿಂದ ಬಂತು. ಗೇಟಿನ ಹತ್ತಿರ ಜೀಪಿನಲ್ಲಿ ಸುಮ್ಮನೆ ಕುಳಿತ ಈ ದಡ್ಡನ ಮೇಲೆ, ಬೆಳ್ಳಿಯ ಶಿಲುಬೆಯ ಮೇಲೆ, ಅದಕ್ಕಾಗಿ ಮುನಿದು ಬಂದ ಗಂಡನ ಮೇಲೆ, ಎಲ್ಲಕ್ಕಿಂತ ಹೆಚ್ಚು ಅಂಗಿ ಹಿಡಿದ ತನ್ನ ಕೈಯ ಮೇಲೆ.

ಐಸಕ್ ಅಂಗಳ ಅರ್ಧ ದಾಟಿದ್ದ.

"ನಿಲ್ಲು" ಎಂದಳು. ದನಿ ಸಿಟ್ಟಿನದೇ. ಅವನು ತಿರುಗಿದ.

"ನಾಯಿಗೆ ಇಟ್ಟ ಹಾಗೆ ಜಗಲಿಯಲ್ಲಿಟ್ಟು ಹೋಗುದಾ? ಇಟ್ಟದ್ದನ್ನು ನಾನು ತಿನ್ನುದಿಲ್ಲ." ಮುಂದಿನ ಮಾತು ಅವಳ ನಾಲಿಗೆಗೆ ರೂಢಿಯಿರಲಿಲ್ಲ. ಟೋಮಿಯೂ ಜೋಳಿಯೂ ಅವಳ ಬೆನ್ನ ಹಿಂದೆ ಬಂದು ನಿಂತಿದ್ದರು. "ಒಳಗೆ ಬಾ, ಐಸಕ್ಕೇ. ಈ ಮನೆಯಲ್ಲಿ ಮುರಿಯಲಿಕ್ಕೆ ಜನ ಇಲ್ಲ. ನೀನು ಮುರಿದು ಕೊಡು."

ಅವನು ಬಂದ. ಬಟ್ಟಲೆತ್ತಿ, ಬಾಳೆಲೆ ಸರಿಸಿ, ಗರಿಯ ಶಿಲುಬೆ ತೆಗೆದು ಪಕ್ಕಕ್ಕಿಟ್ಟು, ಪ್ರಾರ್ಥನೆ ಹೇಳಿದ. ಹೇಳುವಾಗ ನಡುವೆ ಎರಡು ಸಲ ತಪ್ಪಿದ. ಮೊದಲ ತುಂಡು ಮನೆಯ ಹಿರಿಯರಿಗೆ. ಅವನು ಅದನ್ನು ಅವಳ ಮುಂದೆ ಹಿಡಿದ.

ತ್ರೇಸ್ಯಾಕುಟ್ಟಿಯ ಹಲ್ಲು ಕಚ್ಚಿಕೊಂಡೇ ಇತ್ತು, ಕಣ್ಣು ಕೆಂಡವಾಗಿಯೇ ಇತ್ತು. ಹಾಗೆಯೇ ಅವಳು ಎರಡೂ ಕೈ ಚಾಚಿದಳು.