ಅತ್ತೆಯ ದೂರು

ಭತ್ತದ ಲಾರಿ ಎರಡು ಸಲ ಕಾಟಾದ, ಅಂದರೆ ಲಾರಿ ತೂಗುವ ಕಟ್ಟೆಯ ಮೇಲೆ ಹತ್ತುತ್ತದೆ. ಒಳಗೆ ಬರುವಾಗ ತುಂಬಿದ ತೂಕ, ಹೊರಗೆ ಹೋಗುವಾಗ ಖಾಲಿ ತೂಕ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಭತ್ತ ಎಷ್ಟೆಂದು ಗೊತ್ತಾಗುತ್ತದೆ. ಸಿರುಗುಪ್ಪದ ಒಂದು ಅಕ್ಕಿ ಗಿರಣಿಯಲ್ಲಿ ಹನ್ನೊಂದು ವರ್ಷದಿಂದ ನಾನು ಮಾಡುತ್ತಿರುವುದು ಇಷ್ಟೇ ಕೆಲಸ. ಆದರೆ ಕಳೆದ ಸೆಪ್ಟೆಂಬರಿನಲ್ಲಿ ಒಂದು ಲಾರಿಯ ಖಾಲಿ ತೂಕವನ್ನು ಇನ್ನೊಂದು ಲಾರಿಯ ಚೀಟಿಗೆ ಹಾಕಿಬಿಟ್ಟೆ. ಒಂದು ತಿಂಗಳಲ್ಲಿ ಅದು ನನ್ನ ಮೂರನೆಯ ತಪ್ಪು.

ಮ್ಯಾನೇಜರ್ ಜಂಬುನಾಥ ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

“ಪಂಪಾವತಿ ಮೇಡಂ, ಹತ್ತು ವರ್ಷ ನಿಮ್ಮ ಚೀಟಿ ನಾ ತಿರುಗಿ ನೋಡಿದಾಂವಲ್ಲ. ಈಗ ದಿನಾ ನೋಡಬೇಕಾಗೇತಿ,” ಅಂದರು. “ಮನ್ಯಾಗ ಏನರ ತ್ರಾಸ ಐತೇನು?”

“ಇಲ್ರಿ ಸರ್. ಆರೋಗ್ಯ ಸ್ವಲ್ಪ ಸರಿ ಇಲ್ರಿ.”

“ಹಂಗಾರ ಚೊಲೋ ಡಾಕ್ಟರಿಗೆ ತೋರಸ್ರಿ. ನವೆಂಬರ್‌ದಾಗ ಸುಗ್ಗಿ ಶುರು ಆದ್ರ ಲಾರಿ ರಸ್ತೆ ತನಕ ನಿಲ್ಲತಾವ. ಅಷ್ಟರಾಗ ಆರಾಮ ಆಗಲಿಲ್ಲಾಂದ್ರ ಕಾಟಾಕ್ಕ ಬೇರೇರನ್ನ ಕೂಡಸಬೇಕಾಗತೈತಿ. ಮುಂದ ನೀವು ಬ್ಯಾಸರ ಮಾಡ್ಕೋಬಾರ್ದು.”

ತೋರಿಸುವುದನ್ನು ನಾನು ಎರಡು ವರ್ಷದಿಂದ ಮಾಡುತ್ತಲೇ ಇದ್ದೆ. ಮೊದಲು ಸಿರುಗುಪ್ಪದಲ್ಲೇ ಒಬ್ಬರಿಗೆ ತೋರಿಸಿದೆ. ಅವರು ರಕ್ತ ಪರೀಕ್ಷೆ ಮಾಡಿಸಿದರು. ಥೈರಾಯ್ಡಿನ ಅಂಕಿ ನಾಲ್ಕರ ಒಳಗೆ ಇರಬೇಕಂತೆ, ನನ್ನದು ಆರೂವರೆ ಇತ್ತು. “ಬಾರ್ಡರ್‌ನಾಗ ಐತಿ. ಗುಳಿಗಿ ಬ್ಯಾಡ. ತೂಕ ಇಳಸ್ರಿ, ಆರು ತಿಂಗಳು ಬಿಟ್ಟು ಬರ್ರಿ,” ಅಂದರು. ಆರು ತಿಂಗಳಿಗೆ ಸರಿಯಾಗಿ, ಅದೇ ತಾರೀಖಿಗೆ ಹೋದೆ. ಆ ಸಲ ಎರಡೂವರೆ ಬಂತು. “ನೋಡ್ರಿ, ತಾನ ಇಳೀತು,” ಎಂದು ಅವರು ನಕ್ಕರು. ನಾನೂ ನಕ್ಕು ಬಂದೆ. ತೂಕ ಮಾತ್ರ ಒಂಬತ್ತು ಕೇಜಿ ಏರಿತ್ತು. ಬೆಳಿಗ್ಗೆ ಎದ್ದರೆ ಒದ್ದೆ ಗೋಣಿಚೀಲ ಹೊತ್ತುಕೊಂಡು ಎದ್ದ ಹಾಗೆ ಆಗುತ್ತಿತ್ತು.

ಆಮೇಲೆ ಬಳ್ಳಾರಿಗೆ ಹೋದೆ, ಗಾಂಧಿನಗರದಲ್ಲಿ ಹೆಸರಾದ ಒಬ್ಬ ಡಾಕ್ಟರ ಹತ್ತಿರ. ಅಷ್ಟು ದೂರ ಹೋಗಿ ಏನೂ ಮರೆಯಬಾರದು ಎಂದು ನನಗೆ ಆಗುತ್ತಿರುವುದನ್ನೆಲ್ಲ ಎರಡು ಹಾಳೆಯಲ್ಲಿ ತಾರೀಖು ಸಮೇತ ಬರೆದುಕೊಂಡಿದ್ದೆ. ಅವರು ಆಂಟಿಬಾಡಿ ಎಂಬ ಇನ್ನೊಂದು ಪರೀಕ್ಷೆಯನ್ನೂ ಮಾಡಿಸಿದರು. ಅದು ಬಹಳ ಹೆಚ್ಚು ಬಂತು. ನಮ್ಮ ದೇಹವೇ ನಮ್ಮ ಥೈರಾಯ್ಡ್ ಗ್ರಂಥಿಯನ್ನು ಪರಕೀಯ ಎಂದು ತಿಳಿದು ಅದರ ಮೇಲೆ ಬೀಳುತ್ತದೆ, ಇದು ಅಂಥದ್ದು ಎಂದು ವಿವರಿಸಿದರು. ಕೊನೆಗೂ ಕಾಯಿಲೆಗೆ ಒಂದು ಹೆಸರು ಸಿಕ್ಕಿತಲ್ಲ ಎಂದು ನನಗೆ ಸಮಾಧಾನವಾಯಿತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ.

“ಆದ್ರೆ ಗ್ರಂಥಿ ಇನ್ನೂ ಸರಿಯಾಗೇ ಕೆಲಸ ಮಾಡ್ತಾ ಇದೆ. ಅಂಕಿ ನಾರ್ಮಲ್. ಆಂಟಿಬಾಡಿಗೆ ಅಂತ ಔಷಧಿ ಇಲ್ಲ. ಬೇರೆ ಏನಾದ್ರೂ ಮಾತ್ರೆ ತಗೋತೀರಾ?”

“ಇಲ್ರಿ.”

ನಾನು ಹಾಳೆಗಳನ್ನು ಮುಂದಿಟ್ಟೆ. ಅವರು ಓದಲಿಲ್ಲ, ಎಷ್ಟು ಉದ್ದ ಇದೆ ಎಂದಷ್ಟೇ ನೋಡಿದರು.

“ಇಷ್ಟೆಲ್ಲ ಬರ್ಕೊಂಡು ಬಂದಿದೀರಲ್ಲ, ಇದೇ ನಿಮ್ಮ ಕಾಯಿಲೆ. ಮೊಬೈಲಲ್ಲಿ ನೋಡೋದು ಬಿಡಿ. ವಾಕಿಂಗ್ ಮಾಡಿ,” ಎಂದು ಟೆನ್ಷನ್‌ಗೆ ಒಂದು ಮಾತ್ರೆ ಬರೆದರು. ಅದನ್ನು ಎಂಟು ದಿನ ನುಂಗಿದೆ. ಮೊದಲೇ ನಿದ್ದೆ, ಅದರ ಮೇಲೆ ಇನ್ನಷ್ಟು ನಿದ್ದೆ. ಬಿಟ್ಟುಬಿಟ್ಟೆ.

ಇಬ್ಬರು ಓದಿದ ಮನುಷ್ಯರು ನಾರ್ಮಲ್ ಎಂಬ ಒಂದೇ ಮಾತು ಹೇಳಿದ ಮೇಲೆ ಅದು ಸರಿಯೇ ಇರಬೇಕು ಎಂದು ನಾನೂ ನಂಬತೊಡಗಿದೆ. ಮದುವೆಗೆ ಮುಂಚೆ ಬಳ್ಳಾರಿಯಲ್ಲಿ ಹಗಲೆಲ್ಲ ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದವಳು ನಾನು. ಕಾಲು ಸೋತರೂ ಒಂದು ದಿನ ಕ್ಲಾಸಿನಲ್ಲಿ ತೂಕಡಿಸಿದವಳಲ್ಲ. ಈಗ ಕುಕ್ಕರ್ ಇಟ್ಟು ಸೀಟಿ ಎಣಿಸುವಷ್ಟರಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗುತ್ತಿದ್ದೆ. ವಯಸ್ಸಿನ್ನೂ ಮೂವತ್ತೇಳು. ಸೋಮಾರಿತನವೂ ಹೀಗೆ ನಿಧಾನವಾಗಿ, ತನಗೇ ಗೊತ್ತಾಗದ ಹಾಗೆ ಬರುತ್ತದೆಯೋ ಏನೋ.

ಮನೆಯಲ್ಲಿ ಅತ್ತೆ ಹಂಪಕ್ಕನಿಗೆ ಅದರಲ್ಲಿ ಸಂಶಯವೇ ಇರಲಿಲ್ಲ. ನಮ್ಮಿಬ್ಬರ ನಡುವಿನ ದೊಡ್ಡ ಜಗಳ ಫ್ಯಾನಿನದು. ಆಕೆ ಹಾಕುತ್ತಾಳೆ, ನಾನು ಚಳಿ ಎಂದು ಆರಿಸುತ್ತೇನೆ.

“ಲೇ ಪಂಪಾ, ಮೇ ತಿಂಗಳದಾಗ ಕೌದಿ ಹೊದಿಯಾಕಿ ಈ ಜಿಲ್ಲಾದಾಗ ನೀ ಒಬ್ಬಾಕಿನ. ನಿನ್ನ ಫೋಟೋ ಪೇಪರಿಗೆ ಹಾಕಸಬೇಕು,” ಅನ್ನುತ್ತಿದ್ದಳು.

ನನ್ನ ಗಂಡ ತಿಪ್ಪೇಶ ಕೆಂಚನಗುಡ್ಡದ ಕಡೆ ಹೊಳೆದಂಡೆಯ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಕೆಟ್ಟದ್ದನ್ನು ಬಿಚ್ಚಿ ನೋಡಿ ಕಾರಣ ಹುಡುಕುವುದು ಅವರ ಸ್ವಭಾವ. “ಬಿಚ್ಚಿ ನೋಡಿದ್ರೂ ಏನೂ ಸಿಗಲಿಲ್ಲಾಂದ್ರ ನಾ ಏನ್ ಮಾಡ್ಲಿ ಹೇಳು,” ಎಂದು ಬೇಸರದಿಂದಲೇ ಅಂದರು. ನನ್ನನ್ನು ಅವರು ನೋಯಿಸಬೇಕೆಂದಿರಲಿಲ್ಲ.

ಅಕ್ಟೋಬರಿನ ಅಮಾವಾಸ್ಯೆಗೆ ಗಿರಣಿ ರಜೆ. ಅವತ್ತು ಅತ್ತೆಯನ್ನು ಕುರುಗೋಡಿಗೆ ಕರೆದುಕೊಂಡು ಹೋದೆ. ಕುರುಗೋಡು ಆಕೆಯ ತವರೂರು. ಮೊಣಕಾಲು ನೋವಿಗೆ ಅಲ್ಲಿನ ಡಾಕ್ಟರ್ ಅರುಣಾ ಅವರನ್ನು ಬಿಟ್ಟು ಬೇರೆಯವರನ್ನು ಆಕೆ ನಂಬುವುದಿಲ್ಲ. ನಾನೂ ತೋರಿಸಿಕೊಳ್ಳುವ ಯೋಚನೆಯೇ ನನಗಿರಲಿಲ್ಲ. ಇನ್ನೊಬ್ಬರ ಬಾಯಿಂದ ಅದೇ ಮಾತು ಕೇಳುವ ಧೈರ್ಯ ಉಳಿದಿರಲಿಲ್ಲ.

ಅರುಣಾ ಅವರಿಗೆ ಐವತ್ತರ ಸುಮಾರು. ಅತ್ತೆಯ ಮೊಣಕಾಲು ಒತ್ತಿ, ಮಡಿಸಿ ನೋಡಿದರು.

“ಹಂಪಕ್ಕ, ಗುಳಿಗಿ ಕೊಡ್ತೀನಿ. ಆದ್ರ ಕಾಲಿಗೆ ಸ್ವಲ್ಪ ಆರಾಮ ಕೊಡಬೇಕು. ಮನ್ಯಾಗ ಕೆಲಸ ಯಾರು ಮಾಡ್ತಾರ?”

ಅತ್ತೆ ಇಂಥ ಪ್ರಶ್ನೆಗಾಗಿ ಎರಡು ವರ್ಷದಿಂದ ಕಾಯುತ್ತಿದ್ದಳು ಅಂತ ಕಾಣುತ್ತದೆ.

“ಯಾರು ಮಾಡ್ತಾರ್ರಿ ಡಾಕ್ಟ್ರಮ್ಮ? ನಾನ. ಸೊಸಿ ಅದಾಳ, ನೋಡ್ರಿ, ಕುಂತಾಳ. ಎದ್ದರ ಕುಂದ್ರತಾಳ, ಕುಂತರ ಮಲಗತಾಳ. ರೊಟ್ಟಿ ಬಡಿಯೋದು ಅರ್ಧಕ್ಕ ಬಿಟ್ಟು ಕೈ ಸೋತ್ವು ಅಂತಾಳ. ಉಣ್ಣೂದು ಎರಡು ರೊಟ್ಟಿ, ಮೈ ನೋಡ್ರಿ ಹೆಂಗ ಬಂದೈತಿ. ಬ್ಯಾಸಗ್ಯಾಗ ಕೌದಿ ಬೇಕು. ಮೊನ್ನಿ ಹಾಲು ಒಲಿಮ್ಯಾಲಿಟ್ಟು ಹಾಲು ಎಲ್ಲೈತಿ ಅಂತ ನನ್ನ ಕೇಳತಾಳ. ಮುಂಜಾನೆ ಮಾರಿ ಉಬ್ಬಿರತೈತಿ, ರಾತ್ರಿ ಅಳತಿದ್ದೇನು ಅಂದ್ರ ಇಲ್ಲ ಅಂತಾಳ. ದನಿ ಕೇಳ್ರಿ, ಗಂಡಸರ ದನಿ ಆಗೇತಿ. ಫೋನ್ ಎತ್ತಿದ್ರ ಮಂದಿ ತಿಪ್ಪೇಶಪ್ಪ ಅಂತಾರ.”

ನಾಚಿಕೆಯಿಂದ ನನಗೆ ನೆಲ ನೋಡುವುದೊಂದೇ ದಾರಿಯಾಯಿತು. “ಅತ್ತಿ, ಸಾಕ್ರಿ,” ಅಂದೆ.

ಅರುಣಾ ಅವರ ಪೆನ್ನು ನಿಂತಿತ್ತು. ಅವರು ನನ್ನನ್ನು ಕೇಳಲಿಲ್ಲ, ಅತ್ತೆಯನ್ನೇ ಕೇಳಿದರು.

“ಮೊದಲಿಂದಾನೂ ಹಿಂಗ ಇದ್ಲಾ?”

“ಎಲ್ಲೀದ್ರಿ. ಬಂದ ಹೊಸದಾಗ ಚಿಗರಿ ಇದ್ದಂಗ ಇದ್ಲು. ಈಗ ಎರಡು ವರ್ಷಾತು, ಏನು ಹೊಕ್ಕೈತೋ.”

“ಸಂಡಾಸಕ್ಕ ದಿನಾ ಹೋಗ್ತಾಳಾ?”

“ಮೂರು ದಿನಕ್ಕೊಮ್ಮಿ ರೀ. ಅದಕ್ಕೂ ತಾಸು ಹೊತ್ತು ಬಾಗ್ಲಾ ಹಾಕ್ಕೋತಾಳ.”

ಇದು ಆಕೆಗೆ ಹೇಗೆ ಗೊತ್ತು ಎಂದು ಈಗಲೂ ನನಗೆ ತಿಳಿದಿಲ್ಲ.

ಅರುಣಾ ಅವರು ಅತ್ತೆಯನ್ನು ಬೇರೆ ಕುರ್ಚಿಗೆ ಕಳಿಸಿ ನನ್ನನ್ನು ಹತ್ತಿರ ಕೂರಿಸಿಕೊಂಡರು. ಒಂದು ಲೋಟ ನೀರು ಕೊಟ್ಟು, ಕುತ್ತಿಗೆಯ ಮುಂಭಾಗದಲ್ಲಿ ಬೆರಳಿಟ್ಟು, “ಗುಟುಕು ಹಾಕಮ್ಮ,” ಅಂದರು. ನುಂಗಿದೆ. “ಇನ್ನೊಮ್ಮೆ.” ಆಮೇಲೆ ಮೊಣಕೈಯ ಒಣ ಚರ್ಮ ಸವರಿ ನೋಡಿದರು. ಹಿಮ್ಮಡಿಯ ಮೇಲೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಒಮ್ಮೆ ಜಿಗಿದು, ಅವಸರವೇನೂ ಇಲ್ಲ ಎಂಬಂತೆ ನಿಧಾನವಾಗಿ ಕೆಳಗಿಳಿಯಿತು.

“ರಿಪೋರ್ಟ್ ಎಲ್ಲಾ ನಾರ್ಮಲ್ ಐತ್ರಿ ಮೇಡಂ,” ಅಂದೆ. ಅವರಿಗೆ ಮೋಸ ಮಾಡುತ್ತಿದ್ದೇನೆ ಅನ್ನಿಸಿ ಮೊದಲೇ ಹೇಳಿಬಿಟ್ಟೆ. ಮೊಬೈಲಿನಲ್ಲಿದ್ದ ರಿಪೋರ್ಟಿನ ಫೋಟೋಗಳನ್ನೂ ತೋರಿಸಿದೆ.

ಅವರು ಒಂದೊಂದನ್ನೂ ದೊಡ್ಡದು ಮಾಡಿ ನೋಡಿದರು. “ಆಂಟಿಬಾಡಿ ಇಷ್ಟೈತಿ. ಕುತ್ತಿಗಿ ಬಾತೈತಿ. ಮೊದಲನೇದು ಆರೂವರಿ. ಏನೂ ಔಷಧ ಇಲ್ಲದ ಎರಡೂವರಿ ಹೆಂಗ ಆತು? ಈ ಎರಡರ ನಡುವ ಏನರ ಗುಳಿಗಿ ಶುರು ಮಾಡಿದ್ದೇನಮ್ಮ?”

“ಇಲ್ರಿ ಮೇಡಂ.”

“ಸುಳ್ಳು ಯಾಕ ಹೇಳ್ತಿ?” ಅತ್ತೆ ಆ ಕುರ್ಚಿಯಿಂದಲೇ ಅಂದಳು. “ಎದ್ದು ಮಾರಿ ತೊಳದ ಕೂಡ್ಲೆ ಕೂದಲ ಗುಳಿಗಿ ನುಂಗೂದಿಲ್ಲ? ದೇವರ ದೀಪಾ ಮರತಾಳ್ರಿ, ಅದನ್ನ ಮರಿಯಂಗಿಲ್ಲ.”

ನಾನು ಸುಳ್ಳು ಹೇಳಿರಲಿಲ್ಲ. ಕೂದಲು ಗೊಂಚಲು ಗೊಂಚಲಾಗಿ ಉದುರತೊಡಗಿದಾಗ ಮೆಡಿಕಲ್ ಶಾಪಿನವರನ್ನು ಕೇಳಿ ತಂದ ಮಾತ್ರೆ ಅದು. ಅದನ್ನು ಔಷಧಿಯ ಲೆಕ್ಕಕ್ಕೆ ನಾನು ತೆಗೆದುಕೊಂಡೇ ಇರಲಿಲ್ಲ. ಸ್ನೋ, ಪೌಡರಿನ ಹಾಗೆ ಅದೂ ಚೆಂದಕ್ಕೆ ಮಾಡುವ ಖರ್ಚು, ಡಾಕ್ಟರ ಮುಂದೆ ಹೇಳುವಂಥದ್ದಲ್ಲ ಅಂದುಕೊಂಡಿದ್ದೆ. ಒಂದು ದಿನವೂ ತಪ್ಪಿಸದೆ, ರಕ್ತ ಕೊಡುವ ಬೆಳಿಗ್ಗೆಯೂ ನುಂಗಿಯೇ ಹೋಗುತ್ತಿದ್ದೆ.

“ಅದರಾಗ ಬಯೋಟಿನ್ ಅಂತ ಒಂದು ವಿಟಮಿನ್ ಇರತೈತಿ,” ಎಂದರು ಅರುಣಾ. “ಅದರಿಂದ ನಿನಗ ಕೆಟ್ಟದ್ದೇನಿಲ್ಲ. ಆದ್ರ ರಕ್ತದಾಗ ಅದು ಜಾಸ್ತಿ ಇದ್ರ ಕೆಲವು ಲ್ಯಾಬಿನ ಮಷಿನ್ ಥೈರಾಯ್ಡಿಂದು ತಪ್ಪು ತೋರಸತೈತಿ. ಏರಿದ್ದನ್ನ ಇಳದೈತಿ ಅಂತ ತೋರಸಬಹುದು.”

ನನಗೆ ತಟ್ಟನೆ ಅರ್ಥವಾಯಿತು. ಖಾಲಿ ಲಾರಿ ತೂಗುವಾಗ ನಾಲ್ಕು ಜನ ಹಮಾಲರು ಕಾಟಾದ ಮೇಲೆ ನಿಂತಿದ್ದರೆ ಚೀಟಿ ಚೊಕ್ಕವಾಗಿಯೇ ಬರುತ್ತದೆ, ಅಂಕಿ ಮಾತ್ರ ಸುಳ್ಳಾಗಿರುತ್ತದೆ. ಇಳಿಯಿರಿ ಎಂದು ನಾನು ದಿನಾ ಕೂಗುತ್ತೇನೆ.

“ಒಂದು ವಾರ ಆ ಗುಳಿಗಿ ಬಂದ್. ಆಮ್ಯಾಲೆ ಬಂದು ರಕ್ತ ಕೊಡು,” ಅಂದರು.

ಆ ಒಂದು ವಾರ ನನಗೆ ಒಂದೇ ಹೆದರಿಕೆ. ಈ ಸಲವೂ ನಾರ್ಮಲ್ ಬಂದರೆ? ಆಗ ಅತ್ತೆ ಹೇಳಿದ್ದಷ್ಟೇ ನಿಜವಾಗಿ ಉಳಿಯುತ್ತದೆ. ಕಾಯಿಲೆ ಇರಲಿ ಎಂದು ಬೇಡಿಕೊಳ್ಳುವುದು ಪಾಪವೋ ಏನೋ, ನಾನು ಬೇಡಿಕೊಂಡೆ.

ರಿಪೋರ್ಟು ಬಂದ ದಿನ ಅತ್ತೆಯೂ ಬಂದಿದ್ದಳು. ಮೊಣಕಾಲು ತೋರಿಸುವುದಿದೆ ಎಂದು ಹೇಳಿದಳು, ಆದರೆ ಮೊಣಕಾಲಿನ ಸುದ್ದಿಯನ್ನೇ ಎತ್ತಲಿಲ್ಲ.

“ಮೂವತ್ತೆಂಟು,” ಎಂದರು ಅರುಣಾ.

“ಎಷ್ಟು ಇರಬೇಕ್ರಿ?” ಅತ್ತೆ ಕೇಳಿದಳು.

“ನಾಕರ ಒಳಗ.”

ಅತ್ತೆ ನನ್ನ ಮುಖ ನೋಡಿದಳು.  

ಅರುಣಾ ಅವರು ಮಾತ್ರೆ ಬರೆದರು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ, ಚಹಾಕ್ಕೆ ಒಂದು ತಾಸು ಮುಂಚೆ. ಆರು ವಾರಕ್ಕೆ ಮತ್ತೆ ಪರೀಕ್ಷೆ, ಆಮೇಲೆ ಪ್ರಮಾಣ ಏರಿಸಬೇಕಾಗಬಹುದು, ತಾಳ್ಮೆ ಇರಲಿ ಅಂದರು. ಎದ್ದು ನಿಂತ ಮೇಲೂ ನನಗೆ ಹೊರಡಲಾಗಲಿಲ್ಲ.

“ತಪ್ಪು ನಂದ ಅಲ್ರೀ ಮೇಡಂ? ಬಳ್ಳಾರಿ ಡಾಕ್ಟ್ರು ಗುಳಿಗಿ ತಗೋತೀರೇನು ಅಂತ ಕೇಳಿದ್ರು. ನಾ ಇಲ್ಲ ಅಂದೆ. ಎರಡು ಹಾಳಿ ಬರಕೊಂಡು ಹೋಗಿದ್ದೆ, ಅದರಾಗೂ ಇದನ್ನ ಬರದಿದ್ದಿಲ್ಲ.”

“ಕೇಳಿದ್ರು, ಖರೆ. ಕುತ್ತಿಗಿ ಮುಟ್ಟಿ ನೋಡಿದ್ರಾ?”

“ಇಲ್ರಿ.”

“ನೀ ಬರಕೊಂಡು ಹೋಗಿದ್ದಿ ಅಂದ್ಯಲ್ಲ, ಅದನ್ನ ಓದಿದ್ರಾ?”

“ಇಲ್ರಿ.”

“ಮತ್ತ ಎಲ್ಲಾ ನಿಂದ ಹೆಂಗಾತು? ನಿನ್ನ ಪಾಲಿಂದು ನೀ ತಗೋ, ಅವರದನ್ನೂ ಯಾಕ ಹೊರತಿ,” ಎಂದು ಮುಂದಿನವರನ್ನು ಕರೆದರು.

ಸಿರುಗುಪ್ಪದ ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಕೂತಿದ್ದಳು. ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

“ನೋಡು, ನಿನಗ ಉಪಕಾರ ಮಾಡಬೇಕಂತ ನಾ ಹೇಳಲಿಲ್ಲ. ನಿನ್ನ ದೂರಾಕ ಹೇಳಿದ್ದು. ರೋಗ ನಾನ ಹಿಡದೆ ಅಂತ ಮಂದಿ ಮುಂದ ನಾ ದೊಡ್ಡಾಕಿ ಆಗಂಗಿಲ್ಲ.”

“ಗೊತ್ರಿ ಅತ್ತಿ.”

“ಹಂಗಾರ ಖರೇನ ಆಗತಿದ್ದಿಲ್ಲೇನು ನಿನಗ? ಕೈ ಸೋತ್ವು ಅಂದ್ರ ಖರೇನ ಸೋಲತಿದ್ವೇನು?”

“ಹೂಂ ರೀ.”

“ಬಾಯಿ ಬಿಟ್ಟು ಹೇಳಬೇಕಿಲ್ಲ?”

ಹೇಳಿದ್ದೆ. ಬಹಳ ಸಲ ಹೇಳಿದ್ದೆ. ಆದರೆ ಆಕೆ ಮತ್ತೆ ಕಿಟಕಿಯ ಕಡೆ ತಿರುಗಿದ್ದಳು. ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು.

ಮರುದಿನ ಜಂಬುನಾಥ ಅವರಿಗೆ ರಿಪೋರ್ಟು ತೋರಿಸಿದೆ. ಆರು ವಾರವೆಂದರೆ ಸುಗ್ಗಿ ನಡುವಿಗೆ ಬಂದಿರುತ್ತದೆ ಎಂದೂ, ಅಷ್ಟರೊಳಗೆ ನಾನು ತಪ್ಪಬಹುದು ಎಂದೂ ನಾನೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಗೇಟಿನ ವೀರೇಶ್ ಆರು ವಾರ ನನ್ನ ಪಕ್ಕ ಕೂತು ಅಂಕಿಗಳನ್ನು ಗಟ್ಟಿಯಾಗಿ ಓದಲಿ, ನಾನು ಬರೆಯಲಿ ಎಂದು ಗೊತ್ತು ಮಾಡಿದರು. “ಮೊದಲ ಹೇಳಿದ್ರ ಮೊದಲ ಮಾಡತಿದ್ದೆ,” ಅಂದರು. ಮೊದಲು ಹೇಳಲು ನನ್ನ ಹತ್ತಿರ ಇದ್ದದ್ದು ನಾರ್ಮಲ್ ರಿಪೋರ್ಟು ಮಾತ್ರ. 

ಮಾತ್ರೆ ಶುರುವಾಗಿ ಎರಡು ವಾರವಾದರೂ ನನಗೇನೂ ಬದಲು ಕಾಣಲಿಲ್ಲ. ಅಥವಾ ಮುಖದ ಬಾವು ಸ್ವಲ್ಪ ಇಳಿದಿತ್ತೋ ಏನೋ, ಕನ್ನಡಿ ನಂಬಲು ಧೈರ್ಯ ಬರಲಿಲ್ಲ. ಮೂರನೆಯ ವಾರದ ಒಂದು ಭಾನುವಾರ ಮಧ್ಯಾಹ್ನ ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಪಕ್ಕದ ಮನೆಯ ಸಾವಂತ್ರಮ್ಮ ಬಂದು ಕಟ್ಟೆಯ ಮೇಲೆ ಕೂತ ಸದ್ದಾಯಿತು.

“ಏನ ಹಂಪಕ್ಕ, ನೀನ ಭಾಂಡಿ ತಿಕ್ಕಾಕ ಹತ್ತೀಯಲ್ಲ. ಸೊಸಿ ಇನ್ನೂ ಎದ್ದಿಲ್ಲೇನು?”

ನಾನು ಗಾಬರಿಯಿಂದ ಏಳಲು ಕೈಯೂರಿದೆ.

“ಆಕಿಗೆ ಥೈರಾಯ್ಡ್ ಐತಿ,” ಅಂದಳು ಅತ್ತೆ.

“ಹೌದಾ? ನಮ್ಮ ಸೊಸಿಗೂ ಐತಿ ಬಿಡು. ಆಕಿ ಎಲ್ಲಾ ಕೆಲಸ ಮಾಡತಾಳ.”

“ನಿಮ್ಮಾಕಿದು ಎಷ್ಟೈತಿ?”

“ಎಂಟೋ ಒಂಬತ್ತೋ ಅಂದಿದ್ರು.”

“ಎಂಟು.” ಅತ್ತೆ ತಟ್ಟೆಯನ್ನು ಕೆಳಗಿಟ್ಟ ಸದ್ದಾಯಿತು. “ನಮ್ಮಾಕಿದು ಮೂವತ್ತೆಂಟು. ಹಂತಾದ್ರಾಗೂ ದಿನಾ ಗಿರಣಿಗೆ ಹೋಗಿ ಲಾರಿ ತೂಗಿ ಬರತಿದ್ಲು. ನಿಮ್ಮಾಕಿಗೆ ಮೂವತ್ತೆಂಟು ಆಗಲಿ, ಆಮ್ಯಾಲೆ ಮಾತಾಡು.”

ಸಾವಂತ್ರಮ್ಮ ಏನೋ ಅಂದಳು, ಕೇಳಿಸಲಿಲ್ಲ. ಎದ್ದು ಹೋಗಿ ಚಹಾ ಇಡಬೇಕಿತ್ತು. ಮನೆಗೆ ಬಂದವರಿಗೆ ಚಹಾ ಕೊಡದೆ ಕಳಿಸುವುದು ನಮ್ಮಲ್ಲಿಲ್ಲ. ಊರಿದ ಕೈಯನ್ನು ತೆಗೆದು, ದಿಂಬಿನ ಮೇಲೆ ಮತ್ತೆ ತಲೆ ಇಟ್ಟೆ.