ಹಾಳೂರಿನ ಇಳಿಜಾರು

ದೆವ್ವ ಇಲ್ಲ ಅಂತ ಆ ಊರಿನ ಹುಡುಗರಿಗೆ ಹೇಳಿಕೊಟ್ಟವನು ನಾನು. ಆ ಮಾತು ಅಂದೂ ಸರಿ, ಇಂದೂ ಸರಿ. ಸರಿಯಾದ ಮಾತನ್ನೇ ಆಡಿ ಒಬ್ಬ ಹುಡುಗನನ್ನು ಕಳೆದೆ. ಅದಕ್ಕೇ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಇಳಿದಿಲ್ಲ.

ಅದು ೧೯೮೬. ಕೊಳಕೂರದ ಆಚೆ, ಭೀಮಾ ನದಿಗೆ ಎರಡು ಮೈಲಿ ದೂರದ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ನಾನು ಪಿ.ಟಿ. ಮಾಸ್ತರನಾಗಿದ್ದೆ. ಹುಟ್ಟೂರು ಆಳಂದ. ವಯಸ್ಸು ಇಪ್ಪತ್ತೆಂಟು, ತಲೆಯಲ್ಲಿ ತುಸು ಜಾಸ್ತಿಯೇ ಬುದ್ಧಿ. ಆ ವರ್ಷ ಜೇವರ್ಗಿಯ ಯುವಕರ ಸಂಘವೊಂದು ಹೈಸ್ಕೂಲು ಹುಡುಗರಿಗೆ ಸೈಕಲ್ ರೇಸು ಇಟ್ಟಿತ್ತು. ಡಾಂಬರು ರಸ್ತೆಯ ಮೇಲಲ್ಲ. ಬಂಡಿ ದಾರಿ, ಹಳ್ಳ, ನದಿ ದಂಡೆಯ ಏರು ಇಳಿತ, ಎಲ್ಲ ಸೇರಿ ಹನ್ನೆರಡು ಮೈಲಿ. ಸಂಕ್ರಾಂತಿಗೆ ಮೊದಲು ರೇಸು. ನಾನು ನಾಲ್ಕು ಹುಡುಗರನ್ನು ಆರಿಸಿದೆ.

ಸೈಕಲ್ಲುಗಳೋ, ದೇವರಿಗೇ ಪ್ರೀತಿ. ಮೇವಿನ ಹೊರೆ, ಹಾಲಿನ ಕ್ಯಾನು, ಅಜ್ಜಿಯರನ್ನೆಲ್ಲ ಹೊತ್ತು ಹಣ್ಣಾದ ಕಪ್ಪು ಸೈಕಲ್ಲುಗಳು. ಹಗುರಾಗಲಿ ಎಂದು ಮಡ್‌ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಎಲ್ಲ ಬಿಚ್ಚಿಸಿದೆ. ಶರಫುದ್ದೀನ ಮಾತ್ರ ಗಂಟೆ ಬಿಚ್ಚಲು ಒಪ್ಪಲಿಲ್ಲ.

"ಸರ್, ಇದೊಂದು ಇರಲ್ರಿ. ನಮ್ಮ ಅಬ್ಬಾ ಹಾಕ್ಸಿದ್ದು."

ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ತಾಯಿ ವಜೀರುನ್ನಿಸಾ ಹೊಲಿಗೆ ಹಾಕಿ ಒಬ್ಬನೇ ಮಗನನ್ನು ಸಾಕುತ್ತಿದ್ದಳು. ನಾಲ್ವರಲ್ಲಿ ಅವನೇ ಚುರುಕು. ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಇಳಿಯುತ್ತಿದ್ದ. ತಂಡಕ್ಕೆ ಸೇರಿಸಿಕೊಂಡ ದಿನ ಆಕೆ ಶಾಲೆಯ ಗೇಟಿನ ತನಕ ಬಂದು, "ನಿಮ್ಮ ಕೈಯಾಗ ಕೊಟ್ಟೇನ್ರಿ ಮಾಸ್ತರ" ಅಂದಿದ್ದಳು. ನಾನು ಧಾರಾಳವಾಗಿ ತಲೆಯಾಡಿಸಿದ್ದೆ.

ಆದರೆ ಇಳಿಜಾರು ಎಲ್ಲಿಂದ ತರುವುದು? ಆ ಸೀಮೆ ರೊಟ್ಟಿ ತಟ್ಟಿದಂತೆ ಸಪಾಟು. ನದಿ ದಂಡೆಗೆ ದಿನಾ ಹೋಗಿಬರಲು ಬೆಳಗಿನ ಹೊತ್ತು ಸಾಲದು. ಹತ್ತಿರದಲ್ಲಿ ಇದ್ದದ್ದು ಒಂದೇ ದಿಬ್ಬ, ಹಾಳೂರು. ಅಜ್ಜಂದಿರ ಕಾಲದಲ್ಲಿ ಪ್ಲೇಗು ಬಂದು ಜನ ಊರು ಬಿಟ್ಟು ಅರ್ಧ ಮೈಲಿ ಈಚೆಗೆ ಮನೆ ಕಟ್ಟಿಕೊಂಡಿದ್ದರು. ಹಳೆಯ ಮಣ್ಣಿನ ಗೋಡೆಗಳು ಕರಗಿ ದಿಬ್ಬವಾಗಿದ್ದವು. ಮೇಲೆ ಹುಲ್ಲು ಮೊಣಕಾಲುದ್ದ ಬೆಳೆದಿದ್ದರೂ ಕುರಿ ಕಾಯುವವರು ಆ ಕಡೆ ಹೋಗುತ್ತಿರಲಿಲ್ಲ. ಅಲ್ಲಿ ಕರೆವ್ವ ಎಂಬ ದೆವ್ವ ಇದೆಯಂತೆ. ನೆಲ ಬಾಯಿ ತೆರೆಯುತ್ತದಂತೆ, ಅವಳು ಕಾಲು ಹಿಡಿದು ಒಳಗೆ ಎಳೆದುಕೊಳ್ಳುತ್ತಾಳಂತೆ.

ನಾವು ಅಲ್ಲಿಗೆ ಹೋಗತೊಡಗಿದ ಎರಡನೇ ದಿನವೇ ಜಮೀನುದಾರ ಬಸವಂತರಾಯರ ತಾಯಿ ಸುಭದ್ರಾಬಾಯಿ ನನ್ನನ್ನು ಕಟ್ಟೆಯ ಮೇಲಿಂದ ಕರೆದಳು. ಎಂಬತ್ತು ದಾಟಿದ ಮುದುಕಿ, ಊರಿಗೆಲ್ಲ ಆಯಿ.

"ಮಾಸ್ತರ, ಹುಡುಗರ್ನ ಹಾಳೂರಿಗೆ ಒಯ್ಯಬ್ಯಾಡ್ರಿ. ಅಕಿ ಭಾಳ ವರ್ಷದಿಂದ ಹಸಿದಾಳ."

"ನೀವು ನೋಡೀರೇನ್ರಿ ಆಯಿ, ಅಕೀನ್ನ?"

"ನೋಡಿದವರು ಹೇಳಾಕ ಎಲ್ಲಿ ಬರ್ತಾರಪ್ಪ?"

"ಕೊರಳಾಗ ಲಿಂಗ ಕಟ್ಟಿಕೊಂಡು ದೆವ್ವಕ್ಕ ಅಂಜ್ತೀರಲ್ರಿ!" ಎಂದು ನಕ್ಕೆ. ಮುದುಕಿ ನಗಲಿಲ್ಲ. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಆ ತೆರೆದ ಬಾಯಿ ನೆನಪಾದರೆ ಈಗಲೂ ನಿದ್ದೆ ಹಾರಿಹೋಗುತ್ತದೆ.

ಮರುದಿನ ಪ್ರಾರ್ಥನೆಯ ಹೊತ್ತಿಗೆ ಅಂಧಶ್ರದ್ಧೆಯ ಮೇಲೆ ಅರ್ಧ ತಾಸು ಭಾಷಣ ಬಿಗಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬಿದ್ದರೆ ಮಾಸ್ತರನಿಗೆ ಇನ್ನೇನು ಬೇಕು.

ದೀಪಾವಳಿ ಮುಗಿದ ಮೇಲೆ ಮೂರು ದಿನ ಹಿಂಗಾರಿ ಮಳೆ ಹಿಡಿಯಿತು. ನೆಲ ಆರಿದ ಮೇಲೆ ಮತ್ತೆ ಅಭ್ಯಾಸ ಶುರುವಾಯಿತು. ಒಂದು ಬೆಳಿಗ್ಗೆ ಶರಫುದ್ದೀನ ಇಳಿಜಾರಿನ ಬುಡದಲ್ಲಿ ನಿಂತು ಹಿಂದೆ ತಿರುಗಿ ನೋಡಿದ.

"ಸರ್, ನಡುವ ಒಂದ್ ಕಡಿ ಗಾಲಿ ಸಪ್ಪಳ ಬ್ಯಾರೇನ ಬರ್ತದ್ರಿ. ಹಲಗಿ ಬಡದಂಗ."

"ಏನಲೇ, ನಿನಗೂ ಕರೆವ್ವ ಬಡಕೊಂಡ್ಲೇನು?"

ಉಳಿದವರು ಹೋ ಎಂದು ನಕ್ಕರು. ಅವನ ಕಿವಿ ಕೆಂಪಾಯಿತು. ಆಮೇಲೆ ಅವನು ಸಪ್ಪಳದ ಮಾತೆತ್ತಲಿಲ್ಲ. ಅದೇ ಜಾಗದ ಮೇಲಿಂದ, ಎಲ್ಲರಿಗಿಂತ ಜೋರಾಗಿ, ಗಂಟೆ ಬಾರಿಸುತ್ತ ಇಳಿಯತೊಡಗಿದ. ನನಗೆ ತೋರಿಸಲೆಂದೇ ಹಾಗೆ ಮಾಡುತ್ತಿದ್ದ.

ಗುರುವಾರ ಅಲ್ಲಿ ಹಿಟ್ಟು ನಾದುವ ಪರಾತದಷ್ಟು ಅಗಲ ನೆಲ ತಗ್ಗಾಗಿತ್ತು. ಮಳೆಗೆ ಮಣ್ಣು ಕುಸಿದಿದೆ ಎಂದುಕೊಂಡೆ. ಎರಡು ಬುಟ್ಟಿ ಮಣ್ಣು ಹಾಕಿಸಿ, ನಾನೇ ಮೇಲೆ ನಿಂತು ತುಳಿದೆ. ನನ್ನ ಕಾಲಡಿಯಲ್ಲಿ ಧಪ್ ಧಪ್ ಎಂದಿತು. ಕೇಳಿಸಿತು, ಕೇಳಿಸಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ.

ಶನಿವಾರ ಬೆಳಿಗ್ಗೆ ಏಳು ಗಂಟೆ. ದೌಲತರಾಯ ಎಂಬ ಹುಡುಗ ಮೊದಲು ಇಳಿದ. ಹಿಂದೆ ಶರಫುದ್ದೀನ. ಗಂಟೆ ಕೇಳಿಸುತ್ತಿತ್ತು, ನಡುವೆ ಒಮ್ಮೆಲೇ ನಿಂತಿತು. ತಿರುಗಿ ನೋಡಿದರೆ ಹುಡುಗನಿಲ್ಲ. ಸೈಕಲ್ಲು ಒಂದು ತೂತಿನ ಅಂಚಿಗೆ ಸಿಕ್ಕಿಕೊಂಡಿತ್ತು, ಹಿಂದಿನ ಗಾಲಿ ಇನ್ನೂ ತಿರುಗುತ್ತಿತ್ತು.

ಓಡಿ ಹೋಗಿ ಮಲಗಿ ಬಗ್ಗಿದೆ. ಹಳೆಯ ಕೊಳೆತ ಜೋಳದ ವಾಸನೆ ಮುಖಕ್ಕೆ ಬಡಿಯಿತು. ಒಳಗಿನಿಂದ ದನಿ ಬಂತು.

"ಸರ್, ನಾ ಇಲ್ಲೇ ಅದೀನ್ರಿ. ಏನೂ ಆಗಿಲ್ರಿ."

ಜೀವ ಬಂದಂತಾಯಿತು. ಕುಸಿದ ಮಣ್ಣಿನ ಗುಡ್ಡೆಯ ಮೇಲೆ ನಿಂತು ಅವನು ಕೈ ಎತ್ತಿದ್ದ. ನನ್ನ ಕೈಗೂ ಅವನ ಬೆರಳಿಗೂ ಎರಡು ಮೊಳ ಅಂತರ. ದೌಲತರಾಯನನ್ನು ಹಗ್ಗಕ್ಕೆ ಬಸವಂತರಾಯರ ಹೊಲಕ್ಕೆ ಓಡಿಸಿದೆ. ಶರಫುದ್ದೀನ ಮೇಲೆ ಹತ್ತಲು ಗೋಡೆ ಕೆದರುತ್ತಿದ್ದ, ಮಣ್ಣು ಉದುರುತ್ತಿತ್ತು. ಮೇಲಿನದೂ ಕುಸಿದರೆ ಎಂದು ನನಗೆ ಭಯವಾಯಿತು.

"ಲೇ, ಒದ್ದಾಡಬ್ಯಾಡ. ಸುಮ್ನ ಕೆಳಗ ಕೂಡು. ಹಗ್ಗ ಬರಾಕತ್ತದ."

"ಹೂನ್ರಿ ಸರ್."

ನನ್ನ ಮಾತು ಕೇಳುವ ಹುಡುಗ. ಕೂತ.

ಸ್ವಲ್ಪ ಹೊತ್ತಿಗೆ, "ಸರ್, ನಿದ್ದಿ ಬರಾಕತ್ತದ್ರಿ" ಅಂದ. ಹೆದರಿಕೆಗೆ ಹಾಗಾಗುತ್ತದೆ ಎಂದುಕೊಂಡು ರೇಸಿನ ಮಾತಾಡತೊಡಗಿದೆ. ನದಿ ದಂಡೆಯ ಇಳಿಜಾರು ಇದಕ್ಕಿಂತ ಸಲೀಸು, ನೀನೇ ಮೊದಲು ಬರುತ್ತಿ, ಕಪ್ಪು ನಿಮ್ಮವ್ವನ ಕೈಯಲ್ಲಿ ಕೊಡಿಸುತ್ತೇನೆ ಎಂದೆಲ್ಲ ಹೇಳಿದೆ. ಮೊದಲು ಹೂಂ ಎನ್ನುತ್ತಿದ್ದ. ಆಮೇಲೆ ಅದೂ ನಿಂತಿತು.

ಬಸವಂತರಾಯರು ಹಗ್ಗ, ಕಂದೀಲು ಹಿಡಿದು ಆಳುಮಗನೊಂದಿಗೆ ಏದುಸಿರು ಬಿಡುತ್ತ ಬಂದರು. ನಾನು ಹಗ್ಗ ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದೆ. ಅವರು ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು.

"ನಿಂತಾನೋ, ಕೂತಾನೋ?"

"ಕೂತಾನ್ರಿ. ನಾನ ಕೂಡು ಅಂದೆ."

ಅವರು ಹಣೆ ಬಡಿದುಕೊಂಡರು. "ಇದು ಹಗೇವು ಅದರಿ ಮಾಸ್ತರ! ಇದರಾಗಿನ ಗಾಳಿ ವಿಷ, ತಳದಾಗ ಕೂತಿರ್ತದ. ಬಗ್ಗಿದವನ ಮೊದಲ ಹೋಗ್ತಾನ."

ಹಗೇವು ಎಂದರೆ ಜೋಳ ತುಂಬಿಡಲು ಹಿಂದಿನವರು ನೆಲದಲ್ಲಿ ತೋಡುತ್ತಿದ್ದ ಕುಳಿ. ಬಾಯಿ ಚಿಕ್ಕದು, ಹೊಟ್ಟೆ ದೊಡ್ಡದು. ಆಳಂದದ ನಮ್ಮ ಮನೆಯಲ್ಲೂ ಒಂದಿತ್ತು. ಬಾಯಿ ತೆಗೆದು ಒಂದು ದಿನ ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಮನುಷ್ಯ ಇಳಿಯಬೇಕೆಂದು ನನ್ನ ಅಜ್ಜ ಹೇಳುತ್ತಿದ್ದ. ಗೊತ್ತಿತ್ತು. ಬೇಕಾದ ಹೊತ್ತಿಗೆ ನೆನಪಾಗಲಿಲ್ಲ.

ಕಂದೀಲು ಅರ್ಧಕ್ಕೆ ಇಳಿಯುವುದರೊಳಗೆ ಆರಿತು. ಒಳಗಿನ ಗಾಳಿ ಕದಡಲು ಬೇವಿನ ಟೊಂಗೆ ಹಗ್ಗಕ್ಕೆ ಕಟ್ಟಿ ಮೇಲೆ ಕೆಳಗೆ ಆಡಿಸಿದರು, ಕಂಬಳಿ ಬೀಸಿದರು. ಕಂದೀಲು ಮತ್ತೆ ಇಳಿಸಿದರು, ಮತ್ತೆ ಆರಿತು. ಮೂರನೆಯ ಸಲ ಉರಿಯಿತು. ಆಳುಮಗ ಇಳಿದು ಹುಡುಗನನ್ನು ಎತ್ತಿ ಕೊಟ್ಟ. ಮೊಣಕಾಲಿಗೆ ಗದ್ದ ಊರಿ, ನಾನು ಹೇಳಿದಂತೆ ಸುಮ್ಮನೆ ಕೂತೇ ಹೋಗಿದ್ದನಂತೆ.

ಮೂರನೇ ದಿನ ಸಿಟ್ಟು ತಡೆಯದೆ ಸುಭದ್ರಾಬಾಯಿಯ ಮುಂದೆ ಹೋಗಿ ನಿಂತೆ.

"ಆಯಿ, ಹಗೇವು ಅದಾವ ಅಂತ ಒಂದ್ ಮಾತು ಹೇಳಬಾರದಿತ್ತೇನ್ರಿ?"

"ಮೊದಲ ಹಂಗ ಹೇಳ್ತಿದ್ವಿ ಮಾಸ್ತರ. ಬರಗಾಲದಾಗ ಹಗೇವು ಅಂದಕೂಡ್ಲೆ ಕಾಳು ಹುಡುಕಾಕ ಹೋಗಿ ಐದು ಮಂದಿ ಸತ್ರು. ಅದಕ್ಕ ನಮ್ಮತ್ತಿ ಕರೆವ್ವನ್ನ ಹುಟ್ಟಿಸಿದ್ಲು. ಅವತ್ತಿನಿಂದ ಒಬ್ರೂ ಸತ್ತಿದ್ದಿಲ್ಲ, ನೀವು ಬರೂತನಕ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಆ ಒಂದು ಕುಳಿ ಮುಚ್ಚಿಸಿದೆವು. ಉಳಿದವು ಎಷ್ಟು, ಎಲ್ಲಿ, ಆಯಿಗೂ ಗೊತ್ತಿರಲಿಲ್ಲ. ದಿಬ್ಬದ ಬುಡದಲ್ಲಿ "ಇಲ್ಲಿ ಹಗೇವುಗಳಿವೆ, ಅಪಾಯ" ಎಂದು ಫಲಕ ಹಾಕಿಸಿದೆ. ಎಂಟನೇ ದಿನ ನನ್ನ ಶಾಲೆಯ ಇಬ್ಬರು ಹಾರೆ ಹಿಡಿದು ಅಲ್ಲೇ ಅಗೆಯುತ್ತಿದ್ದರು. ಒಳಗೆ ಬಂಗಾರ ಇರಬಹುದು ಎಂದರು. ಕಿವಿ ಹಿಂಡಿ ಕರೆತಂದು, ಫಲಕ ಕಿತ್ತು ಹಾಕಿದೆ.

ಬೇಸಿಗೆಯ ಹೊತ್ತಿಗೆ ಫಲಕದ ಅಗತ್ಯವೇ ಉಳಿಯಲಿಲ್ಲ. ಹೊತ್ತು ಮುಳುಗುವಾಗ ದಿಬ್ಬದ ಮೇಲೆ ಸೈಕಲ್ ಗಂಟೆ ಕೇಳಿಸುತ್ತದೆ, ಶರಫುದ್ದೀನ ಹುಡುಗರನ್ನು ಕರೆಯುತ್ತಾನೆ ಎಂದು ಊರೆಲ್ಲ ಸುದ್ದಿಯಾಯಿತು. ಒಬ್ಬ ಹುಡುಗನೂ ಆ ಕಡೆ ಸುಳಿಯಲಿಲ್ಲ. ತರಗತಿಯಲ್ಲಿ, "ಖರೇ ಏನ್ರಿ ಸರ್?" ಎಂದು ಕೇಳಿದರೆ ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಒಂದು ಮಧ್ಯಾಹ್ನ ವಜೀರುನ್ನಿಸಾ ಶಾಲೆಯ ಗೇಟಿಗೆ ಬಂದಳು. ಅವತ್ತು ಮಗನನ್ನು ಒಪ್ಪಿಸಿದ ಅದೇ ಜಾಗ.

"ನನ್ನ ಮಗ ಸೈತಾನ ಆಗ್ಯಾನ ಅಂತಾರ್ರಿ ಮಾಸ್ತರ. ದೆವ್ವ ಇಲ್ಲ ಅಂತ ಹೇಳವರು ನೀವೊಬ್ರ. ಹುಡುಗರಿಗೆ ಹೇಳ್ರಿ."

"ಹೇಳಿದ್ರ ನಾಳೆ ಮತ್ತ ದಿಬ್ಬ ಹತ್ತತಾರ ಅಕ್ಕಾರ" ಎಂದೆ.

ಆಕೆ ನನ್ನನ್ನೇ ನೋಡಿದಳು. ಆಕೆಗೆ ಅರ್ಥವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಗೇಟಿನ ಸರಳು ಹಿಡಿದು ನಿಂತಳು. ಕೊನೆಗೆ ಕಣ್ಣೊರೆಸಿಕೊಂಡಳು.

"ಹಂಗಾದ್ರ ಇರಲಿ. ಗಂಟಿ ಸಪ್ಪಳ ನಾನೂ ಕೇಳೇನಿ ಅಂತ ಓಣ್ಯಾಗ ನಾನ ಹೇಳ್ತೇನಿ. ನನ್ನ ಮಾತು ನಂಬ್ತಾವು ಹುಡುಗ್ರು." ಎರಡು ಹೆಜ್ಜೆ ನಡೆದು ತಿರುಗಿದಳು. "ನೀವು ಹೇಳಬ್ಯಾಡ್ರಿ, ಮಾಸ್ತರ. ನಿಮ್ಮ ಬಾಯಾಗ ಅವನ ಹೆಸರು ಬ್ಯಾಡ."