ಮಂಡೆ ಬೆಚ್ಚ

"ಹಲೋ, ಸತ್ಯವತಿಯವರೇ, ಮನಸ್ಸಿಗೆ ಏನು ಕಷ್ಟ ಇದೆಯೋ ಹೇಳಿ. ಇಲ್ಲಿ ಹೇಳಿದ ಮನಸ್ಸಿನ ವಿಚಾರ ಹೊರಗೆ ಹೋಗೋದಿಲ್ಲ."

ಮೈಸೂರಿನ ಆಪ್ತಸಮಾಲೋಚಕಿಯ ದನಿ ಫೋನಿನಲ್ಲಿ ತುಂಡು ತುಂಡಾಗಿ ಬರುತ್ತಿತ್ತು. ಪುತ್ತೂರಿನ ಜವಳಿ ಅಂಗಡಿಯ ಗೋದಾಮಿನಲ್ಲಿ, ರಟ್ಟಿನ ಪೆಟ್ಟಿಗೆಗಳ ನಡುವೆ ಸತ್ಯವತಿ ನಿಂತಿದ್ದಳು. ಒಬ್ಬೊಬ್ಬರಿಗೆ ಹತ್ತು ನಿಮಿಷ. ಕೆಲಸದವರ ಮನಸ್ಸಿನ ಆರೋಗ್ಯವನ್ನೂ ನೋಡಿಕೊಳ್ಳಬೇಕು ಎಂದು ಯಾವುದೋ ಸಭೆಯಲ್ಲಿ ಕೇಳಿಸಿಕೊಂಡು ಬಂದ ಧಣಿ ಕೃಷ್ಣಮೋಹನರ ಏರ್ಪಾಡು ಇದು. ಬಾಗಿಲಾಚೆ ಜತೆಗೆಲಸದ ನಶೀದಾ ತನ್ನ ಸರದಿಗೆ ಕಾಯುತ್ತಿದ್ದಳು.

ಹೇಳಬೇಕಾದ್ದು ಒಂದೇ. ಮಾರ್ಚಿನಲ್ಲಿ ಗಿರಾಕಿಯೊಬ್ಬಳು ಧಾರೆ ಸೀರೆ ಕಾಣುತ್ತಿಲ್ಲ ಎಂದು ಬೊಬ್ಬೆ ಹಾಕಿದಾಗ ಕೃಷ್ಣಮೋಹನರು ಎಲ್ಲರೆದುರು ಸತ್ಯವತಿಯ ಬ್ಯಾಗನ್ನು ಮೇಜಿನ ಮೇಲೆ ಕವುಚಿದ್ದರು. ಬುತ್ತಿ, ಬಾಚಣಿಗೆ, ಮಾತ್ರೆ ಎಲ್ಲ ಬಿದ್ದವು. ಸೀರೆ ಆಮೇಲೆ ಗಿರಾಕಿಯ ತಂಗಿಯ ಚೀಲದಲ್ಲೇ ಸಿಕ್ಕಿತು. ಸಿಕ್ಕಿತಲ್ಲ, ಇನ್ನೆಂತ, ಎಂದರು ಧಣಿ. ಹದಿನೇಳು ವರ್ಷ ದುಡಿದವಳಿಗೆ ಅಷ್ಟೇ. ಅಂದಿನಿಂದ ಗಿರಾಕಿ ಒಳಗೆ ಬಂದರೆ ಸಾಕು, ಅವಳು ತನ್ನ ಬ್ಯಾಗಿನ ಜಿಪ್ಪು ಹಾಕಿದೆಯೇ ಎಂದು ನೋಡಿಕೊಳ್ಳುತ್ತಾಳೆ. ನಿದ್ದೆ ಎಂಬುದಿಲ್ಲ.

"ಮಂಡೆ ಬೆಚ್ಚ ಮೇಡಂ," ಎಂದಳು. ತಲೆ ಕಾದು ಕೂತ ಚಿಂತೆಗೆ ಈ ಸೀಮೆಯಲ್ಲಿ ಅದಕ್ಕಿಂತ ಸರಿಯಾದ ಮಾತಿಲ್ಲ.

"ಮಂಡಿನಾ? ಮೊಣಕಾಲು ಬೆಚ್ಚಗಾಗುತ್ತಾ? ಯಾವಾಗಿಂದ?"

"ಮಾರ್ಚಿಂದ. ಆದ್ರೆ ಕಾಲು..."

"ದಿನಕ್ಕೆ ಎಷ್ಟು ಹೊತ್ತು ನಿಂತಿರ್ತೀರಿ?"

"ಇಡೀ ದಿನ. ನಮ್ಮಲ್ಲಿ ಕೂತ್ಕೊಳ್ಳಿಕ್ಕಿಲ್ಲ. ಅದಲ್ಲ ಮೇಡಂ, ನಾನು ಹೇಳುದು..."

"ಅರ್ಥ ಆಯ್ತು, ಅರ್ಥ ಆಯ್ತು," ಎಂದಿತು ಫೋನು. ಪಾಪ, ಆಕೆಗೆ ಇನ್ನೂ ಹನ್ನೊಂದು ಜನರ ಮನಸ್ಸು ಮುಗಿಸುವುದಿತ್ತು.

ಮರುದಿನ ಸೀರೆ ವಿಭಾಗಕ್ಕೆ ನೀಲಿ ಪ್ಲಾಸ್ಟಿಕ್ ಕುರ್ಚಿಯೊಂದು ಬಂತು. ಕೃಷ್ಣಮೋಹನರೇ ಎತ್ತಿಕೊಂಡು ಬಂದಿದ್ದರು.

"ಮಂಡಿ ನೋವು ಅಂತ ಮೇಡಂ ಬರೆದಿದ್ದಾರೆ. ಮೊದಲೇ ಹೇಳ್ಬಾರ್ದಾ ಮಾರಾಯ್ತಿ? ನಾವೆಂತ ರಾಕ್ಷಸರಾ? ಗಿರಾಕಿ ಇಲ್ಲದಾಗ ಕೂತ್ಕೊ."

ಮಂಡಿ ಅಲ್ಲ, ಮಂಡೆ. ಇಲ್ಲೇ ಹುಟ್ಟಿ ಬೆಳೆದ ಧಣಿಗೆ ಅಷ್ಟು ಹೇಳಿದರೆ ತಕ್ಷಣ ತಿಳಿಯುತ್ತಿತ್ತು. ಯಾಕೆ ಬೆಚ್ಚ ಎಂದು ಕೇಳುತ್ತಿದ್ದರು. ಆಗ ಬ್ಯಾಗಿನ ಮಾತು ಬರುತ್ತಿತ್ತು. ಆ ಮಾತು ಬಂದ ಮೇಲೆ ಕೆಲಸ ಉಳಿದೀತೇ? ಉಪಕಾರ ಮಾಡಿದ ಸಂತೋಷ ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಸತ್ಯವತಿಗೆ ಸಿಟ್ಟು ಬಂತು. ಸಿಟ್ಟಿಗಿಂತ ಹೆಚ್ಚು ಸುಸ್ತಾಯಿತು.

"ಉಪಕಾರ ಆಯ್ತು," ಎಂದು ಕುಳಿತಳು. ಕುಳಿತದ್ದು ಹಿತವಾಗಿಯೇ ಇತ್ತು. ಅದಕ್ಕೇ ಅಳು ಬಂತು.

ಧಣಿ ಅತ್ತ ಹೋದ ಮೇಲೆ ನಶೀದಾ ಬಗ್ಗಿ ಪಿಸುಗುಟ್ಟಿದಳು. "ಅಕ್ಕ, ನಿಮ್ಗೆ ಕಾಲುನೋವು ಯಾವಾಗ ಶುರುವಾದದ್ದು? ಬ್ಯಾಗಿನ ವಿಷಯ ಹೇಳ್ಲಿಕ್ಕೆ ಅಲ್ವಾ ನೀವು ಒಳಗೆ ಹೋದದ್ದು?"

"ಸುಮ್ನಿರು ಮಾರಾಯ್ತಿ. ಈಗ ಅದು ಹೇಳಿದ್ರೆ ಕುರ್ಚಿಯೂ ಹೋಗ್ತದೆ."

ಮಧ್ಯಾಹ್ನ ಊಟಕ್ಕೆ ಎದ್ದಾಗ ಧಣಿ ಈ ಕಡೆಗೇ ನೋಡುತ್ತಿದ್ದರು. ಸತ್ಯವತಿ ಎಡಗಾಲನ್ನು ಸ್ವಲ್ಪ ಎಳೆದು ನಡೆದಳು.

ಸಂಜೆ ಪುತ್ತೂರಿನ ಹತ್ತಿರದ ತನ್ನ ಊರು ಸವಣೂರಿನಲ್ಲಿ ಬಸ್ಸಿಳಿದಾಗ ಮನೆಯ ದಾರಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವಳು ಎಡಗಾಲು ಎಳೆದುಕೊಂಡೇ ಹೋದಳು.